ಕುಕಿ
ಜಾಲತಾಣದ ಸರ್ವರ್ ಬ್ರೌಸರಿಗೆ ಕೊಟ್ಟು, ಮುಂದಿನ ಕೋರಿಕೆಗಳೊಂದಿಗೆ ಮರಳಿ ಪಡೆಯುವ ಸಣ್ಣ ಪಠ್ಯತುಣುಕು. ಬ್ರೌಸರ್ ಮತ್ತು ಸರ್ವರ್ ನಡುವಿನ ಸಂವಹನ ನಿಯಮವಾದ ಎಚ್‌ಟಿಟಿಪಿಗೆ ಹಿಂದಿನ ಕೋರಿಕೆಯ ನೆನಪಿರುವುದಿಲ್ಲ. ಈ ಕೊರತೆ ತುಂಬಲು ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ 1994ರಲ್ಲಿ ಇದನ್ನು ರೂಪಿಸಿದರು. ಯೂನಿಕ್ಸ್ ಪ್ರೋಗ್ರಾಮರುಗಳ ‘ಮ್ಯಾಜಿಕ್ ಕುಕಿ’ ಎಂಬ ಮಾತೇ ಹೆಸರಿಗೆ ಮೂಲ.

ಲಾಗಿನ್ ಆದಾಗ ಸರ್ವರ್ ‘ಸೆಟ್-ಕುಕಿ’ ಹೆಡರಿನಲ್ಲಿ ಸೆಷನ್ ಗುರುತನ್ನು ಕಳಿಸುತ್ತದೆ. ಅದನ್ನು ಕಾಪಾಡಿ ಹಿಂದಿರುಗಿಸುವ ಕೆಲಸವನ್ನು ಬ್ರೌಸರ್ ತಾನಾಗಿ ಮಾಡುತ್ತದೆ. ಬ್ರೌಸರಿಲ್ಲದೆ ಪುಟ ತರಿಸುವ ಸ್ಕ್ರಿಪ್ಟಿನಲ್ಲಿ ಆ ಕೆಲಸ ಸ್ಕ್ರಿಪ್ಟ್ ಬರೆದವರ ಹೊಣೆ. ಕಮಾಂಡ್ ಸಾಲಿನ ಸಾಧನವಾದ ಕರ್ಲ್‌ನಲ್ಲಿ ‘-ಸಿ’ ಆಯ್ಕೆ ಕುಕಿಗಳನ್ನು ಕಡತಕ್ಕೆ ಬರೆಯುತ್ತದೆ, ‘-ಬಿ’ ಅದೇ ಕಡತದಿಂದ ಓದಿ ಕಳಿಸುತ್ತದೆ. ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ ‘ಸೆಷನ್’ ವಸ್ತು ಇದನ್ನು ನೋಡಿಕೊಳ್ಳುತ್ತದೆ. ಸ್ಕ್ರಿಪ್ಟಿನಿಂದ ಲಾಗಿನ್ ಆಗಲು ಬಳಕೆದಾರರ ಹೆಸರು, ಪಾಸ್‌ವರ್ಡ್ ಮಾತ್ರ ಕಳಿಸಿದರೆ ಸಾಲದು. ಅನೇಕ ಲಾಗಿನ್ ಫಾರಂಗಳಲ್ಲಿ ಕಣ್ಣಿಗೆ ಕಾಣದ ಟೋಕನ್ ಒಂದಿರುತ್ತದೆ. ಮೊದಲು ಫಾರಂ ಪುಟವನ್ನು ತರಿಸಿ, ಟೋಕನ್ ಹೆಕ್ಕಿ, ಅದೇ ಸೆಷನ್‌ನಲ್ಲಿ ಮರಳಿಸಬೇಕು. ಸೆಷನ್ ಕಳೆದುಹೋದಾಗ ಎಷ್ಟೋ ಸಲ ದೋಷಸೂಚನೆ ಬರುವುದೇ ಇಲ್ಲ: ಸ್ಥಿತಿಸಂಖ್ಯೆ 200 ಎಂದಿದ್ದರೂ ಕೈಗೆ ಸಿಕ್ಕಿರುವುದು ಲಾಗಿನ್ ಪುಟವೇ. ಹೀಗಾಗಿ ಪುಟದ ಒಳವಿಷಯವನ್ನು ಪರಿಶೀಲಿಸುವುದೇ ಸರಿಯಾದ ಕ್ರಮ.

ಅವಧಿ ಮುಗಿಯುವವರೆಗೆ ಸೆಷನ್ ಕುಕಿ ಪಾಸ್‌ವರ್ಡಿನಷ್ಟೇ ಬೆಲೆಯುಳ್ಳದ್ದು. ಅದಿರುವ ಕಡತವನ್ನು ಇತರರಿಗೆ ಸಿಗದಂತೆ ಇಡಬೇಕು. ಕುಕಿಗಳ ನಡವಳಿಕೆಯನ್ನು 2011ರ ಆರ್‌ಎಫ್‌ಸಿ 6265 ಎಂಬ ಮಾನದಂಡ ದಾಖಲೆ ನಿಗದಿಪಡಿಸಿತು.