ವಾಹನ ಪರೀಕ್ಷಾ ಎಂಜಿನಿಯರ್: ಹುದ್ದೆ, ಹೊಣೆ, ಹಾದಿ

ದಾವಣಗೆರೆ: ಮಂಡಿಪೇಟೆಯಲ್ಲಿ ಸರಕು ಹೇರಿಕೊಂಡ ಲಾರಿಯೊಂದು ಹೆದ್ದಾರಿಗಿಳಿದು ಹರಿಹರದತ್ತ ಸಾಗುವಾಗ, ಅದರ ಬ್ರೇಕು ಹಿಡಿದೇ ಹಿಡಿಯುತ್ತದೆ ಎಂದು ಚಾಲಕ ನಂಬಿರುತ್ತಾನೆ. ಆ ನಂಬಿಕೆಗೆ ಆಧಾರ ಒದಗಿಸುವವರು ವಾಹನ ಪರೀಕ್ಷಾ ಎಂಜಿನಿಯರ್‌ಗಳು. ವಾಹನ ಹೇಗೆ ಓಡಬೇಕೆಂದು ವಿನ್ಯಾಸಕರು ನಿರ್ಧರಿಸಿದರೆ, ಅದು ಎಲ್ಲಿ ಸೋಲುತ್ತದೆ ಎಂದು ಹುಡುಕುವುದು ಇವರ ಕೆಲಸ.

ಹುದ್ದೆಯಲ್ಲಿ ಮುಖ್ಯವಾಗಿ ಎರಡು ಬಗೆ. ಉತ್ಪಾದನಾ ಸಾಲಿನ ಕೊನೆಯಲ್ಲಿ ನಿಲ್ಲುವವರು ಚಕ್ರಗಳ ಜೋಡಣೆ, ಹೆಡ್‌ಲೈಟಿನ ದಿಕ್ಕು, ರೋಲರ್ ಮೇಲೆ ಬ್ರೇಕಿನ ಬಲ, ನೀರಿನ ಸೋರಿಕೆ ಮುಂತಾದವನ್ನು ಕೆಲವೇ ನಿಮಿಷಗಳಲ್ಲಿ ನೋಡಿ ಮುಗಿಸಬೇಕು.

ಇನ್ನೊಂದು ಬಗೆಯವರದು ಇನ್ನೂ ಮಾರುಕಟ್ಟೆಗೆ ಬಾರದ ಮಾದರಿ ವಾಹನಗಳೊಂದಿಗಿನ ತಿಂಗಳುಗಟ್ಟಲೆಯ ಒಡನಾಟ. ಚಾಸಿಗೆ ಸ್ಟ್ರೇನ್ ಗೇಜ್, ಬ್ರೇಕಿಗೆ ಉಷ್ಣಮಾಪಕ, ಸೀಟಿನಡಿ ಕಂಪನಮಾಪಕ ಅಂಟಿಸಿ, ಕಲ್ಲು ಹಾಸಿದ ಹಾದಿ, ಗುಂಡಿ, ನೀರಿನ ತೊಟ್ಟಿಗಳಲ್ಲಿ ವಾಹನವನ್ನು ಓಡಿಸಲಾಗುತ್ತದೆ. ರಾಜಸ್ತಾನದ ಬಿಸಿಲು, ಲಡಾಖ್‌ನ ಚಳಿಯೂ ಪರೀಕ್ಷಾಂಗಣಗಳೇ. ವರ್ಷಗಳ ಸವೆತವನ್ನು ವಾರಗಳಲ್ಲಿ ತರಿಸುವುದು ಉದ್ದೇಶ. ಬಿರುಕು ಕಂಡರೆ ಕೆಲಸ ಕೆಟ್ಟಿತೆಂದಲ್ಲ, ಫಲಿಸಿತೆಂದೇ ಅರ್ಥ. ಆದರೆ ಬಿಡುಗಡೆಯ ದಿನ ಹತ್ತಿರವಿದ್ದಾಗ ಆ ಬಿರುಕನ್ನು ವರದಿಯಲ್ಲಿ ಬರೆಯುವುದು ಅಷ್ಟು ಸುಲಭವಲ್ಲ. ಹುದ್ದೆಯ ನಿಜವಾದ ಪರೀಕ್ಷೆ ಇರುವುದು ಅಲ್ಲಿಯೇ ಎನ್ನಬೇಕು.

ಕಾನೂನಿನ ಕಾವಲೂ ಇದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ಮಾದರಿ ವಾಹನವನ್ನು ಅಧಿಕೃತ ಸಂಸ್ಥೆಯಲ್ಲಿ ಪರೀಕ್ಷಿಸಿ ಪ್ರಮಾಣಪತ್ರ ಪಡೆಯಬೇಕು. 1966ರಲ್ಲಿ ಆರಂಭವಾದ ಪುಣೆಯ ಎಆರ್‌ಎಐ ಇಂಥ ಸಂಸ್ಥೆಗಳಲ್ಲೊಂದು. ಇಂದೋರ್ ಬಳಿಯ ಪೀತಂಪುರದಲ್ಲಿ 2021ರಲ್ಲಿ ಉದ್ಘಾಟನೆಗೊಂಡ 11.3 ಕಿ.ಮೀ. ಉದ್ದದ ಅತಿವೇಗದ ಟ್ರ್ಯಾಕ್ ಈ ಕ್ಷೇತ್ರಕ್ಕೆ ದೊರೆತ ದೊಡ್ಡ ಸೌಲಭ್ಯ.

ಪ್ರಯೋಗಾಲಯದ ಫಲಿತಾಂಶವೊಂದನ್ನೇ ನಂಬಲಾಗದು ಎಂಬುದನ್ನು 2015ರ ಫೋಕ್ಸ್‌ವ್ಯಾಗನ್ ಹಗರಣ ಜಗತ್ತಿಗೆ ತೋರಿಸಿತು. ಪರೀಕ್ಷೆ ನಡೆಯುತ್ತಿದೆಯೆಂದು ಗುರುತಿಸಿ ಹೊಗೆ ತಗ್ಗಿಸುವ ತಂತ್ರಾಂಶವನ್ನು ಆ ಡೀಸೆಲ್ ಕಾರುಗಳಲ್ಲಿ ಅಳವಡಿಸಲಾಗಿತ್ತು. ರಸ್ತೆಯ ಮೇಲೆ ಅಳೆದಾಗಲೇ ನಿಜ ಹೊರಬಿತ್ತು. ಭಾರತದಲ್ಲಿ ಬಿಎಸ್ 6 ಮಾನದಂಡ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ ಎರಡನೇ ಹಂತವಾಗಿ 2023ರ ಏಪ್ರಿಲ್‌ನಿಂದ, ಉಪಕರಣವನ್ನು ವಾಹನಕ್ಕೇ ಕಟ್ಟಿ ರಸ್ತೆಯಲ್ಲಿ ಹೊಗೆ ಅಳೆಯುವ ಕ್ರಮವೂ ಸೇರಿತು.

ಇಷ್ಟಾದರೂ ಪರೀಕ್ಷೆಗೊಂದು ಮಿತಿಯಿದೆ. ಲಾರಿಯ ಬ್ರೇಕನ್ನು ಪರೀಕ್ಷಿಸುವುದು ತಯಾರಕರು ಘೋಷಿಸಿದ ಒಟ್ಟು ತೂಕಕ್ಕೆ. 2018ರಲ್ಲಿ ಕೇಂದ್ರ ಸರ್ಕಾರವು ನಾಲ್ಕು ಟೈರುಗಳ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿತು. ಅದಕ್ಕೂ ಮೀರಿ ಮೂಟೆ ಹೇರಿದರೆ ಪ್ರಮಾಣಪತ್ರದ ಭರವಸೆ ಆ ಲಾರಿಗೆ ಅನ್ವಯಿಸದು. ಮಂಡಿಯಲ್ಲಿ ಲೋಡು ಮಾಡಿಸುವವರು ಇದನ್ನು ನೆನಪಿಡುವುದು ಅಪರೂಪ.

ಅಳತೆಯ ಶಿಸ್ತು ಈ ಭಾಗಕ್ಕೆ ಹೊಸದಲ್ಲ. ಹರಿಹರದಲ್ಲಿ 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದಲ್ಲೆಲ್ಲ ಹೆಸರಾಗಿದ್ದವು. ಹೊಸ ಶತಮಾನದ ಆರಂಭದಲ್ಲಿ ಅದರ ಬಾಗಿಲು ಮುಚ್ಚಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1999ರ ಕೊನೆಯಲ್ಲಿ, ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಘಟಕದಲ್ಲಿ ಕ್ವಾಲಿಸ್ ಉತ್ಪಾದನೆ ಆರಂಭವಾಗಿತ್ತು.

ಮೆಕ್ಯಾನಿಕಲ್, ಆಟೊಮೊಬೈಲ್ ಅಥವಾ ಎಲೆಕ್ಟ್ರಾನಿಕ್ಸ್ ಪದವಿ ಈ ಹುದ್ದೆಗೆ ಸಾಮಾನ್ಯ ದಾರಿ; ಡಿಪ್ಲೊಮಾ ಪಡೆದವರು ತಂತ್ರಜ್ಞರಾಗಿ ಸೇರುತ್ತಾರೆ. ದಾವಣಗೆರೆಯಲ್ಲಿ 1951ರಿಂದ ಯುಬಿಡಿಟಿ, 1979ರಿಂದ ಬಾಪೂಜಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಓದು ಇಲ್ಲಿ ಸಿಗುತ್ತದೆ. ಕೆಲಸಕ್ಕೆ ಮಾತ್ರ ಬಿಡದಿ, ಹೊಸಕೋಟೆ ಅಥವಾ ಧಾರವಾಡದ ಬಸ್ಸು ಹತ್ತಬೇಕು.