ರುದ್ರೇಶ ಮಹಾಂತಪ್ಪ: ಕಲಿತು ಗಳಿಸಿದ ತವರು

ನಮ್ಮ ವಿಜಯಪುರ ಸೀಮೆಯ ನಿಡೋಣಿ ಬಸ್ ನಿಲ್ದಾಣದಲ್ಲಿ ನಿಂತು ‘ಮಹಾಂತಪ್ಪಾ’ ಎಂದು ಕೂಗಿದರೆ ಇಬ್ಬರಾದರೂ ತಿರುಗಿ ನೋಡಿಯಾರು. ತಿಕೋಟಾ, ಬಬಲೇಶ್ವರ ಸೀಮೆಯಲ್ಲಿ ಅದು ಅಜ್ಜನಿಂದ ಮೊಮ್ಮಗನಿಗೆ ಇಳಿದು ಬರುವ ಹೆಸರು. ರುದ್ರೇಶ ಎಂಬುದೂ ಹಾಗೆಯೇ. ಈ ಎರಡೂ ಸೇರಿದ ಹೆಸರೊಂದು ಅಮೆರಿಕದ ಜಾಝ್ ಆಲ್ಬಂಗಳ ಹೊದಿಕೆಯ ಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಅಚ್ಚಾಗುತ್ತಿದೆ. ಆಲ್ಟೊ ಸ್ಯಾಕ್ಸೊಫೋನ್ ವಾದಕ ರುದ್ರೇಶ ಮಹಾಂತಪ್ಪ ಇಂದಿನ ಜಾಝ್ ಲೋಕದ ಮುಂಚೂಣಿಯ ಕಲಾವಿದರಲ್ಲಿ ಒಬ್ಬರು. ಅವರಿಗೆ ಕರ್ನಾಟಕದ ಸಂಗೀತ ರಕ್ತದಲ್ಲೇ ಬಂದಿರಬೇಕು ಎಂದು ಅಲ್ಲಿಯವರು ತಿಳಿದರು. ಇಲ್ಲಿ ಕೇಳಿದವರೂ ಹಾಗೆಯೇ ಅಂದುಕೊಳ್ಳುತ್ತಾರೆ. ನಿಜ ಸಂಗತಿ ಬೇರೆ. ಹೆಸರು ಮನೆಯಿಂದ ಬಂತು, ಸಂಗೀತವನ್ನು ಅವರು ದೊಡ್ಡವರಾದ ಮೇಲೆ ಹುಡುಕಿಕೊಂಡು ಹೋಗಿ ಕಲಿಯಬೇಕಾಯಿತು.

ಹುಟ್ಟು ಮತ್ತು ಕಲಿಕೆ

ರುದ್ರೇಶ ಹುಟ್ಟಿದ್ದು 1971ರಲ್ಲಿ, ಇಟಲಿಯ ತ್ರಿಯೆಸ್ತೆ ನಗರದಲ್ಲಿ. ತಂದೆ ಕೆ.ಟಿ. ಮಹಾಂತಪ್ಪ ಸೈದ್ಧಾಂತಿಕ ಭೌತವಿಜ್ಞಾನಿ, ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. ಹೀಗಾಗಿ ಹುಡುಗ ಬೆಳೆದದ್ದು ಕೊಲರಾಡೋದ ಬೌಲ್ಡರ್ ಪಟ್ಟಣದಲ್ಲಿ, ರಾಕಿ ಪರ್ವತಗಳ ಬುಡದಲ್ಲಿ. ಸುತ್ತಮುತ್ತ ಭಾರತೀಯ ಮನೆಗಳು ಬೆರಳೆಣಿಕೆಯಷ್ಟಿದ್ದ ಕಾಲ ಅದು.

ಶಾಲೆಯ ದಿನಗಳಲ್ಲೇ ಸ್ಯಾಕ್ಸೊಫೋನ್ ಕೈಗೆ ಬಂತು. ಗ್ರೋವರ್ ವಾಷಿಂಗ್ಟನ್, ಡೇವಿಡ್ ಸ್ಯಾನ್‌ಬಾರ್ನ್ ಅಂಥವರ ಜನಪ್ರಿಯ ವಾದನದಿಂದ ಶುರುವಾದ ಕೇಳ್ಮೆ ಚಾರ್ಲಿ ಪಾರ್ಕರ್ ಬಳಿ ಬಂದು ನಿಂತಿತು. 1920ರಿಂದ 1955ರವರೆಗೆ ಬದುಕಿದ್ದ ಪಾರ್ಕರ್ ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಹೊಸ ವ್ಯಾಕರಣವನ್ನೇ ಕಟ್ಟಿದವರು. ಅವರ ನಂತರ ಬಂದ ಯಾವ ಆಲ್ಟೊ ವಾದಕನೂ ಅವರನ್ನು ದಾಟದೆ ಮುಂದೆ ಹೋಗಲಾರ. ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯ, ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜು, ಆಮೇಲೆ ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯ, ಹೀಗೆ ರುದ್ರೇಶರ ಓದು ಸಾಗಿತು. 1990ರ ದಶಕದ ಕೊನೆಗೆ ಅವರು ನ್ಯೂಯಾರ್ಕ್ ಸೇರಿದರು.

ಬರ್ಕ್ಲಿಯ ದಿನಗಳಲ್ಲಿ ಅಣ್ಣ ತಮಾಷೆಗೆಂದು ಒಂದು ಆಲ್ಬಂ ಉಡುಗೊರೆ ಕೊಟ್ಟರು. ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’ ಎಂಬ ಅದರ ಹೆಸರೇ ನಗು ಬರಿಸುವಂತಿತ್ತು. ಒಳಗಿದ್ದದ್ದು ಕದ್ರಿ ಗೋಪಾಲನಾಥರ ವಾದನ. ಕೇಳಿದ ಮೇಲೆ ತಮಾಷೆ ಉಳಿಯಲಿಲ್ಲ. ತನ್ನ ಕೈಯಲ್ಲಿರುವ ಅದೇ ವಾದ್ಯದಿಂದ ತನಗೆ ಗೊತ್ತೇ ಇಲ್ಲದ ಭಾಷೆಯೊಂದು ಇಷ್ಟು ಸಲೀಸಾಗಿ ಹೊರಡುತ್ತಿದೆಯಲ್ಲ!

ವಾದ್ಯ ಸಾಗಿ ಬಂದ ದಾರಿ

ಬೆಲ್ಜಿಯಂನ ದಿನಾಂ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಎಂಬಾತ 1846ರಲ್ಲಿ ಪ್ಯಾರಿಸ್ಸಿನಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಪಡೆದ. ಹಿತ್ತಾಳೆಯ ಕೊಳವೆಯಾದರೂ ಸಂಗೀತಶಾಸ್ತ್ರ ಇದನ್ನು ಮರದ ಸುಷಿರವಾದ್ಯಗಳ ಸಾಲಿಗೇ ಸೇರಿಸುತ್ತದೆ. ಬಾಯಲ್ಲಿ ಹಿಡಿಯುವ ತುದಿಗೆ ಕಟ್ಟಿದ ಬೆತ್ತದಂಥ ತೆಳು ರೀಡ್ ಕಂಪಿಸಿಯೇ ನಾದ ಹುಟ್ಟುವುದು ಇದಕ್ಕೆ ಕಾರಣ. ಸೈನ್ಯದ ಬ್ಯಾಂಡುಗಳಿಗಾಗಿ ಹುಟ್ಟಿದ ಇದು ಬ್ಯಾಂಡುಗಳ ಜೊತೆಗೇ ಲೋಕ ಸುತ್ತಿತು. ಅಮೆರಿಕದಲ್ಲಿ ಕರಿಯರ ಕೈಗೆ ಬಂದು ಜಾಝ್‌ನ ಕೊರಳಾಯಿತು. ಇಲ್ಲಿ ಮೈಸೂರು ಅರಮನೆಯ ಬ್ಯಾಂಡಿಗೆ ಬಂತು.

ನಮ್ಮ ವಿಜಯಪುರ ಸೀಮೆಯ ಕಿವಿಗೆ ಹತ್ತಿರದ ಸುಷಿರವಾದ್ಯ ಸನಾದಿ. ಕರಡಿ ಮಜಲಿನ ಮೇಳದಲ್ಲಿ ಕರಡಿ ವಾದ್ಯದ ಗುಡುಗಿನ ನಡುವೆಯೂ ಅದು ಕೊಯ್ದುಕೊಂಡು ಕೇಳಿಸುತ್ತದೆ. ಸನಾದಿಯ ರಂಧ್ರಗಳು ತೆರೆದಿರುತ್ತವೆ. ವಾದಕ ಬೆರಳನ್ನು ಅರ್ಧ ಎತ್ತಿ, ಮೆಲ್ಲಗೆ ಜಾರಿಸಿ, ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆ ಕಡಿಯದಂತೆ ಹೋಗಬಲ್ಲ. ಸ್ಯಾಕ್ಸೊಫೋನಿನಲ್ಲಿ ಈ ಅನುಕೂಲವಿಲ್ಲ. ಅದರ ರಂಧ್ರಗಳ ಮೇಲೆ ಮೆತ್ತೆ ಕಟ್ಟಿದ ಮುಚ್ಚಳಗಳಿವೆ. ಹೆಚ್ಚಿನವು ಕೀಲಿ ಒತ್ತಿದರೆ ಮುಚ್ಚುತ್ತವೆ, ಬಿಟ್ಟರೆ ತೆರೆಯುತ್ತವೆ. ಮೆಟ್ಟಿಲು ಹತ್ತಿದಂತೆ ಸ್ವರದಿಂದ ಸ್ವರಕ್ಕೆ ಕಾಲಿಡುವ ಯಂತ್ರ ಅದು. ಗಮಕವೇ ಪ್ರಾಣವಾಗಿರುವ ಸಂಗೀತಕ್ಕೆ ಇಂಥ ವಾದ್ಯವನ್ನು ಒಗ್ಗಿಸುವುದೆಂದರೆ ಬೆರಳು ಮಾಡಬೇಕಾದ ಕೆಲಸವನ್ನು ತುಟಿ, ದವಡೆ, ಉಸಿರಿನಿಂದ ಮಾಡಿಸಬೇಕು.

ಕದ್ರಿ ಗೋಪಾಲನಾಥ್

ಆ ಕೆಲಸ ಮಾಡಿ ತೋರಿಸಿದವರು ಬಂಟ್ವಾಳ ತಾಲ್ಲೂಕಿನ ಸಜಿಪ ಮೂಡ ಗ್ರಾಮದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥರು. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನ ಕೈಗೂ ಮೊದಲು ಬಂದದ್ದು ನಾಗಸ್ವರವೇ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿದ ಮೇಲೆ ಅವರ ಮನಸ್ಸು ಅತ್ತ ತಿರುಗಿತು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದ್ರಾಸಿನ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. ವಾದ್ಯ ಪೂರ್ತಿ ಮಣಿಯಲು ವರ್ಷಗಟ್ಟಲೆ ಸಾಧನೆ ಬೇಕಾಯಿತು. ಕರ್ನಾಟಕ ಸಂಗೀತದ ಕಛೇರಿ ವೇದಿಕೆಯಲ್ಲಿ ಸ್ಯಾಕ್ಸೊಫೋನ್ ಕೇಳುವುದು ಇಂದು ಸಹಜ ಅನಿಸುತ್ತಿದ್ದರೆ, ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳ ಮದುವೆ, ಉತ್ಸವಗಳಲ್ಲಿ ಅದು ಮಂಗಳವಾದ್ಯವೇ ಆಗಿಬಿಟ್ಟಿದ್ದರೆ, ಅದರ ಹಿಂದೆ ಈ ಒಬ್ಬರ ದುಡಿಮೆಯಿದೆ.

ಜಾಝ್ ಅವರನ್ನು ತಾನಾಗಿ ಹುಡುಕಿಕೊಂಡು ಬಂತು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ಇವರ ವಾದನ ಕೇಳಿ ತಮ್ಮ ಜೊತೆ ವೇದಿಕೆಗೆ ಕರೆದರು. ಹ್ಯಾಂಡಿ ಅದಕ್ಕೂ ಮೊದಲು ಸರೋದ್ ವಾದಕ ಅಲಿ ಅಕ್ಬರ್ ಖಾನರೊಡನೆ ನುಡಿಸಿದ್ದವರು, ಆದ್ದರಿಂದ ರಾಗ ಅವರಿಗೆ ಅಪರಿಚಿತವಲ್ಲ. ಮುಂದೆ ಪ್ರಾಗ್, ಬರ್ಲಿನ್ ಜಾಝ್ ಉತ್ಸವಗಳು, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಪ್ರಾಮ್ಸ್ ಕಛೇರಿ. ಅದೇ ವರ್ಷ ಕೆ. ಬಾಲಚಂದರ್ ನಿರ್ದೇಶನದ, ಎ.ಆರ್. ರೆಹಮಾನ್ ಸಂಗೀತದ ‘ಡ್ಯುಯೆಟ್’ ಚಿತ್ರಕ್ಕೆ ಅವರು ನುಡಿಸಿದ್ದು ಸಾಮಾನ್ಯ ಪ್ರೇಕ್ಷಕರ ಮನೆಯೊಳಗೂ ಸ್ಯಾಕ್ಸೊಫೋನನ್ನು ತಂದಿತು. 2004ರಲ್ಲಿ ಪದ್ಮಶ್ರೀ ಬಂತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ರುದ್ರೇಶರಿಗೂ ಮೊದಲು: ಚಾರ್ಲಿ ಮರಿಯಾನೊ

ಅಮೆರಿಕದ ಜಾಝ್ ವಾದಕನೊಬ್ಬ ದಕ್ಷಿಣ ಭಾರತಕ್ಕೆ ಬಂದು ಕೂತು ಕಲಿತ ಕಥೆ ರುದ್ರೇಶರಿಂದ ಶುರುವಾಗುವುದಿಲ್ಲ. ಇಟಲಿಯಿಂದ ವಲಸೆ ಬಂದ ಕುಟುಂಬದಲ್ಲಿ 1923ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಚಾರ್ಲಿ ಮರಿಯಾನೊ ಕೂಡ ಆಲ್ಟೊ ವಾದಕರೇ. ಚಾರ್ಲ್ಸ್ ಮಿಂಗಸ್‌ರ ಮೇಳದಲ್ಲಿ ಹೆಸರು ಮಾಡಿದವರು, ಬರ್ಕ್ಲಿಯಲ್ಲಿ ಪಾಠ ಹೇಳಿದವರು. 1960ರ ದಶಕದಲ್ಲಿ ಮಲೇಷ್ಯಾಕ್ಕೆ ಹೋದಾಗ ಅಲ್ಲಿ ನಾಗಸ್ವರ ಕೇಳಿ ಮರುಳಾದರು, ಅದನ್ನೇ ಕಲಿಯಲು ದಕ್ಷಿಣ ಭಾರತಕ್ಕೂ ಬಂದು ಕೂತರು. 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆ ‘ಜ್ಯೋತಿ’ ಎಂಬ ಆಲ್ಬಂ ಹೊರತಂದಿತು. ಅದರಲ್ಲಿ ಮರಿಯಾನೊ ಜೊತೆಗಿದ್ದವರು ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನ ಟಿ.ಎ.ಎಸ್. ಮಣಿ, ಗಾಯಕಿ ಆರ್.ಎ. ರಮಾಮಣಿ ಮತ್ತು ಸಂಗಡಿಗರು. 2009ರಲ್ಲಿ ಮರಿಯಾನೊ ತೀರಿಕೊಂಡದ್ದು ಜರ್ಮನಿಯ ಕಲೋನಿನಲ್ಲಿ.

ಇವರನ್ನು ನೆನೆಯಲು ಕಾರಣವಿದೆ. ಮರಿಯಾನೊ ನಾಗಸ್ವರ ಹಿಡಿದಾಗ ಲೋಕ ಅದನ್ನು ಕುತೂಹಲ ಎಂದಿತು. ಮಹಾಂತಪ್ಪ ಎಂಬ ಹೆಸರಿನವರು ರಾಗ ನುಡಿಸಿದಾಗ ಅದನ್ನೇ ಹುಟ್ಟುಗುಣ ಎಂದಿತು. ಇಬ್ಬರೂ ಮಾಡಿದ ಕೆಲಸ ಮಾತ್ರ ಒಂದೇ: ಗೊತ್ತಿಲ್ಲದ್ದನ್ನು ಮೊದಲಿನಿಂದ ಕಲಿಯುವುದು. ಎರಡನೆಯವರ ಪಾಡೇ ಹೆಚ್ಚು ಕಷ್ಟದ್ದು ಎಂದು ನನಗನಿಸುತ್ತದೆ. ಹೊರಗಿನವನ ತಪ್ಪನ್ನು ಜನ ಮನ್ನಿಸುತ್ತಾರೆ, ಹೆಸರು ಹೊತ್ತವನ ತಪ್ಪನ್ನು ಮನ್ನಿಸುವುದಿಲ್ಲ.

ಮಾತಿನಿಂದ ಮಟ್ಟು: ‘ಮದರ್ ಟಂಗ್’

ಅಮೆರಿಕದಲ್ಲಿ ಭಾರತೀಯ ಮುಖದವರಿಗೆ ಎದುರಾಗುವ ಒಂದು ಪ್ರಶ್ನೆಯಿದೆ: ‘ನೀವು ಇಂಡಿಯನ್ ಮಾತಾಡ್ತೀರಾ?’ ಇಂಡಿಯನ್ ಎಂಬುದು ಒಂದು ಭಾಷೆ ಎಂದು ತಿಳಿದವರ ಪ್ರಶ್ನೆ ಅದು. 2004ರ ‘ಮದರ್ ಟಂಗ್’ ಆಲ್ಬಂನಲ್ಲಿ ರುದ್ರೇಶ ಇದಕ್ಕೆ ಸಂಗೀತದಲ್ಲೇ ಉತ್ತರ ಕೊಟ್ಟರು. ಬೇರೆ ಬೇರೆ ಭಾರತೀಯ ಭಾಷೆಗಳನ್ನಾಡುವವರಿಂದ ಅವರವರ ನುಡಿಯಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿಸಿ ಧ್ವನಿಮುದ್ರಿಸಿಕೊಂಡರು. ಆ ಮಾತಿನ ಏರಿಳಿತ, ನಿಲುಗಡೆ, ಲಯಗಳನ್ನು ಸ್ವರಲಿಪಿಗೆ ಇಳಿಸಿ, ಅದರಿಂದ ರಚನೆಗಳನ್ನು ಕಟ್ಟಿದರು. ರಚನೆಗಳ ಹೆಸರುಗಳೇ ‘ಕನ್ನಡ’, ‘ತೆಲುಗು’, ‘ಕೊಂಕಣಿ’, ‘ತಮಿಳು’, ‘ಗುಜರಾತಿ’, ‘ಮಲಯಾಳಂ’.

ಇದರ ಹಿಂದಿನ ಕಿವಿ ಎಂಥದೆಂದು ತಿಳಿಯಲು ದೂರ ಹೋಗಬೇಕಿಲ್ಲ. ನಮ್ಮ ಕಡೆಯವರು ‘ಊಟ ಆತೇನ್ರಿ?’ ಎನ್ನುವುದನ್ನೂ ಬೆಂಗಳೂರಿನವರು ‘ಊಟ ಆಯ್ತಾ?’ ಎನ್ನುವುದನ್ನೂ ಶಬ್ದ ಬಿಟ್ಟು ಬರೀ ರಾಗವಾಗಿ ಗುನುಗಿ ನೋಡಿ. ಕೇಳಿದ್ದು ಒಂದೇ, ಮಟ್ಟು ಎರಡು. ನಮ್ಮ ‘ರಿ’ ಮಾತಿನ ತುದಿಗೆ ಒಂದು ಸಣ್ಣ ಮುರುಕಿ ಹಾಕಿ ಬಿಡುತ್ತದೆ. ಅಂಥ ಸಾವಿರ ಮುರುಕಿಗಳು ನಮ್ಮ ಸಂತೆಯಲ್ಲಿ ದಿನಾ ಹಾರಾಡುತ್ತವೆ. ಅವುಗಳಿಗೆ ಸಂಗೀತದ ಮರ್ಯಾದೆ ಕೊಟ್ಟ ಈ ಆಲ್ಬಂ ನನಗೆ ಅವರ ಎಲ್ಲ ಕೆಲಸಗಳಲ್ಲಿ ಹೆಚ್ಚು ಪ್ರೀತಿಯದು.

ಗುರುವಿನೊಡನೆ: ‘ಕಿನ್ಸ್‌ಮೆನ್’

ಅಣ್ಣ ಕೊಟ್ಟ ಆಲ್ಬಂ ಕೇಳಿ ಬೆರಗಾಗಿದ್ದ ವಿದ್ಯಾರ್ಥಿ ಮುಂದೆ ಗೋಪಾಲನಾಥರನ್ನೇ ಕಂಡರು. ನ್ಯೂಯಾರ್ಕಿನ ಏಷ್ಯಾ ಸೊಸೈಟಿಯ ಬೆಂಬಲದಿಂದ ಇಬ್ಬರೂ ಸೇರಿ ಕೆಲಸ ಮಾಡುವಂತಾಯಿತು. 2007ರಲ್ಲಿ ಗುಗನ್‌ಹೈಮ್ ಫೆಲೋಶಿಪ್ ಸಿಕ್ಕಿ, ದಕ್ಷಿಣ ಭಾರತದ ಸಂಗೀತವನ್ನು ಆಳವಾಗಿ ಅಭ್ಯಸಿಸಲು ರುದ್ರೇಶರಿಗೆ ಬಿಡುವಾಯಿತು. 2008ರಲ್ಲಿ ‘ಕಿನ್ಸ್‌ಮೆನ್’ ಹೊರಬಂತು. ಬಂಧುಗಳು ಎಂದು ಅದರ ಅರ್ಥ.

ಮೇಳಕ್ಕೆ ದಕ್ಷಿಣ ಎನ್ಸೆಂಬಲ್ ಎಂದು ಹೆಸರು. ಎರಡು ಆಲ್ಟೊ ಸ್ಯಾಕ್ಸೊಫೋನ್, ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ರೆಜ್ ಅಬ್ಬಾಸಿಯವರ ಗಿಟಾರ್, ಕಾರ್ಲೊ ಡಿ ರೋಸಾರ ಬೇಸ್, ರಾಯಲ್ ಹಾರ್ಟಿಗನ್‌ರ ಡ್ರಮ್ಸ್. ಒಟ್ಟು ಏಳು ಜನ. ಪಿಯಾನೊ ಇಲ್ಲ, ಅದು ಮುಖ್ಯ. ಜಾಝ್‌ನಲ್ಲಿ ಪಿಯಾನೊ ಹೆಚ್ಚಾಗಿ ಸ್ವರಗುಚ್ಛಗಳನ್ನು ಬದಲಿಸುತ್ತಾ ಹೋಗಿ ವಾದಕನ ಕಾಲಕೆಳಗಿನ ನೆಲವನ್ನೇ ಸರಿಸುತ್ತಿರುತ್ತದೆ. ನಮ್ಮ ಸಂಗೀತದಲ್ಲಿ ನೆಲ ಅಲುಗುವುದಿಲ್ಲ, ಷಡ್ಜ ಶ್ರುತಿಯಾಗಿ ನಿಂತೇ ಇರುತ್ತದೆ. ರಾಗದ ನಡೆ ಕೆಡದಂತೆ, ಜಾಝ್‌ನ ತುರುಸೂ ಇಳಿಯದಂತೆ ಎರಡನ್ನೂ ಕೂಡಿಸಬೇಕೆಂದರೆ ರಚನೆಕಾರ ಬಹಳ ಎಚ್ಚರದಿಂದ ಜಾಗ ಬಿಡಬೇಕಾಗುತ್ತದೆ. ನಡುನಡುವೆ ಒಬ್ಬೊಬ್ಬರಿಗೂ ಪುಟ್ಟ ಆಲಾಪಗಳನ್ನು ಕೊಟ್ಟು ರುದ್ರೇಶ ಆ ಜಾಗ ಮಾಡಿಕೊಟ್ಟಿದ್ದಾರೆ. ಗೋಪಾಲನಾಥರನ್ನು ಜಾಝ್ ನುಡಿಸಿ ಎಂದು ಯಾರೂ ಒತ್ತಾಯಿಸಿದಂತೆ ಎಲ್ಲೂ ಕೇಳಿಸುವುದಿಲ್ಲ.

ಉಳಿದ ಜೊತೆಗಾರರು, ಉಳಿದ ಆಲ್ಬಂಗಳು

ತಮಿಳು ಮೂಲದ ಪಿಯಾನೊ ವಾದಕ ವಿಜಯ್ ಅಯ್ಯರ್ ರುದ್ರೇಶರ ಬಹುಕಾಲದ ಸಂಗಾತಿ. ಇಬ್ಬರೇ ನುಡಿಸಿದ ‘ರಾ ಮಟೀರಿಯಲ್ಸ್’ 2006ರದು. ಅದೇ ವರ್ಷದ ‘ಕೋಡ್‌ಬುಕ್’ನಲ್ಲಿ ಗೂಢಲಿಪಿ ಶಾಸ್ತ್ರದಿಂದ ಸ್ವರವಿನ್ಯಾಸಗಳನ್ನು ತೆಗೆದರು. ಭೌತವಿಜ್ಞಾನಿಯ ಮಗನಿಗೆ ಲೆಕ್ಕದ ಮೇಲಿನ ಒಲವು ಸಹಜವೇ. ಕರಾಚಿಯಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಬೆಳೆದ ರೆಜ್ ಅಬ್ಬಾಸಿ, ಅಮೆರಿಕದವರೇ ಆದ ತಬಲಾ ವಾದಕ ಡಾನ್ ವೈಸ್ ಇಬ್ಬರನ್ನೂ ಕೂಡಿಕೊಂಡು ‘ಇಂಡೋ-ಪಾಕ್ ಕೊಯಲಿಷನ್’ ಎಂಬ ಮೂವರ ಮೇಳ ಕಟ್ಟಿದರು. 2008ರಲ್ಲಿ ‘ಆಪ್ತಿ’, 2017ರಲ್ಲಿ ‘ಅಗ್ರಿಮ’ ಆ ಮೇಳದ ಆಲ್ಬಂಗಳು. ‘ಸಂಧಿ’ 2011ರದು, ‘ಗಮಕ್’ 2013ರದು. ಹೆಸರುಗಳೇ ದಾರಿ ಹೇಳುತ್ತವೆ.

ಶಿಕಾಗೋದ ಹಿರಿಯ ವಾದಕ ಬಂಕಿ ಗ್ರೀನ್ ಜೊತೆ 2010ರಲ್ಲಿ ‘ಏಪೆಕ್ಸ್’ ಮಾಡಿದ್ದನ್ನೂ, 2015ರ ‘ಬರ್ಡ್ ಕಾಲ್ಸ್’ನಲ್ಲಿ ಚಾರ್ಲಿ ಪಾರ್ಕರ್‌ಗೆ ನಮಸ್ಕರಿಸಿದ್ದನ್ನೂ ಇವುಗಳ ಪಕ್ಕದಲ್ಲೇ ಇಟ್ಟು ನೋಡಬೇಕು. ಗೋಪಾಲನಾಥರಷ್ಟೇ ಗ್ರೀನ್ ಕೂಡ ಅವರ ಹಿರಿಯರು. 2016ರಲ್ಲಿ ರುದ್ರೇಶ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ಹೊಣೆ ಹೊತ್ತರು.

ನಮ್ಮ ಸೀಮೆಯ ಕಿವಿಗೆ

ಬೆರಕೆ ಸಂಗೀತ ಎಂದರೆ ಮೂಗು ಮುರಿಯುವವರು ವಿಜಯಪುರದಿಂದ ತಿಕೋಟಾ ರಸ್ತೆ ಹಿಡಿದು ತೊರವಿಯಲ್ಲಿ ಇಳಿಯಬೇಕು. ಎರಡನೆಯ ಇಬ್ರಾಹಿಂ ಆದಿಲ್ ಶಾಹ ಕಟ್ಟಿಸಿದ ನವರಸಪುರದ ಸಂಗೀತ ಮಹಲಿನ ಅವಶೇಷ ಅಲ್ಲಿದೆ. 1580ರಿಂದ 1627ರವರೆಗೆ ಆಳಿದ ಈ ಸುಲ್ತಾನ ದಖನಿ ನುಡಿಯಲ್ಲಿ ‘ಕಿತಾಬ್-ಎ-ನವರಸ್’ ಬರೆದು ಸರಸ್ವತಿಯನ್ನೂ ಗಣಪತಿಯನ್ನೂ ರಾಗಬದ್ಧವಾಗಿ ಸ್ತುತಿಸಿದವನು. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಆ ಹಾಳು ಗೋಡೆಗಳ ಮುಂದೆ ನಿಂತಾಗ ನನಗೆ ‘ಕಿನ್ಸ್‌ಮೆನ್’ ಹೊಸದೆನಿಸುವುದಿಲ್ಲ.

ಮೊದಲ ಸಲ ಕೇಳುವವರು ಆ ಆಲ್ಬಂನ ‘ಕಲ್ಯಾಣಿ’ಯಿಂದ ಶುರು ಮಾಡಬಹುದು. ದಕ್ಷಿಣದ ಕಲ್ಯಾಣಿ ಎಂದರೆ ಹಿಂದೂಸ್ತಾನಿ ಕೇಳಿ ಬೆಳೆದ ನಮ್ಮವರಿಗೆ ಯಮನ್‌ನ ಹತ್ತಿರದ ನೆಂಟ, ತೀವ್ರ ಮಧ್ಯಮ ಬಂದ ಕೂಡಲೇ ಗುರುತು ಹತ್ತುತ್ತದೆ. ಎರಡು ಆಲ್ಟೊಗಳಲ್ಲಿ ಯಾವುದು ಯಾರದೆಂದು ಮೊದಲು ಗೊಂದಲವಾದೀತು. ಸ್ವರದಿಂದ ಸ್ವರಕ್ಕೆ ಎಣ್ಣೆ ಸುರಿದಂತೆ ಜಾರುತ್ತ ಹೋಗುವುದು ಗೋಪಾಲನಾಥರದು. ಅಂಚು ಹರಿತವಾಗಿ, ಒಂದೊಂದು ಸ್ವರವೂ ಕಲ್ಲಿನ ಮೇಲೆ ಉಳಿ ಇಟ್ಟಂತೆ ಕೇಳುವುದು ರುದ್ರೇಶರದು. ಮೂರನೆಯ ಸಲ ಕೇಳುವ ಹೊತ್ತಿಗೆ ಈ ಹರಿತದ ದನಿಯೂ ಕೆಲವೆಡೆ ಜಾರಲು ಕಲಿತಿರುವುದು ಕಿವಿಗೆ ಬೀಳುತ್ತದೆ.