ಹೂಮಳೆಯ ಲೆಕ್ಕ: ಕರ್ನಾಟಕದ ಕಾಫಿ ಉದ್ಯಮ ಮತ್ತು ಹವಾಮಾನದೊಡನೆ ಅದರ ಹೊಂದಾಣಿಕೆಯ ಚರಿತ್ರೆ

ಕರ್ನಾಟಕದ ಕಾಫಿ ಉದ್ಯಮದ ಚರಿತ್ರೆಯನ್ನು ಭೂಒಡೆತನ, ಕೂಲಿ, ಬಂಡವಾಳ ಮತ್ತು ಮಾರುಕಟ್ಟೆಗಳ ಚರಿತ್ರೆಯಾಗಿ ನೋಡುವುದು ರೂಢಿ. ಮಳೆ, ಬಿಸಿಲು, ನೆರಳುಗಳು ಆ ಕಥನದಲ್ಲಿ ಹಿನ್ನೆಲೆಯಾಗಿ ಮಾತ್ರ ಬಂದುಹೋಗುತ್ತವೆ. ಆದರೆ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಹಳೆಯ ತೋಟಗಳಲ್ಲಿ ಜಮಾಖರ್ಚಿನ ಪುಸ್ತಕದ ಪಕ್ಕದಲ್ಲೇ ಮಳೆಯ ಪುಸ್ತಕವೂ ಇರುವುದು ಸಾಮಾನ್ಯ. ಮಳೆಮಾಪಕದ ನೀರನ್ನು ಪ್ರತಿದಿನ ಬೆಳಿಗ್ಗೆ ಅಳೆದು ಇಂಚು ಮತ್ತು ಸೆಂಟುಗಳಲ್ಲಿ ಬರೆದಿಡುವ ಪದ್ಧತಿಯು, ದೇಶವು ಮೆಟ್ರಿಕ್ ಮಾನವನ್ನು ಅಂಗೀಕರಿಸಿದ ಮೇಲೂ ಇಲ್ಲಿ ಉಳಿದುಬಂದಿದೆ. ಹಣದ ಲೆಕ್ಕದಷ್ಟೇ ಶ್ರದ್ಧೆಯಿಂದ ಮಳೆಯ ಲೆಕ್ಕವನ್ನೂ ಇಟ್ಟುಕೊಂಡ ಈ ಉದ್ಯಮವು ಹವಾಮಾನದ ಏರುಪೇರುಗಳಿಗೆ ಹೇಗೆ ಒಗ್ಗಿಕೊಂಡು ಬಂದಿತು, ಆ ಒಗ್ಗಿಕೊಳ್ಳುವಿಕೆಯ ಬೆಲೆಯನ್ನು ಯಾರು ತೆತ್ತರು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಮಳೆಯ ಪಂಚಾಂಗ

ಕಾಫಿಯ ಇಳುವರಿಯು ಮಳೆಯ ಒಟ್ಟು ಪ್ರಮಾಣಕ್ಕಿಂತ ಹೆಚ್ಚಾಗಿ ಅದು ಬೀಳುವ ಹೊತ್ತನ್ನು ಅವಲಂಬಿಸಿದೆ. ಚಳಿಗಾಲದ ಒಣಹವೆಯಲ್ಲಿ ಗಿಡದ ಮೊಗ್ಗುಗಳು ನಿದ್ರಾವಸ್ಥೆಯಲ್ಲಿರುತ್ತವೆ. ರೊಬಸ್ಟಾಕ್ಕೆ ಫೆಬ್ರುವರಿ-ಮಾರ್ಚ್‌ನಲ್ಲಿಯೂ ಅರೇಬಿಕಾಕ್ಕೆ ಮಾರ್ಚ್-ಏಪ್ರಿಲ್‌ನಲ್ಲಿಯೂ ಸುಮಾರು ಒಂದು ಇಂಚು ಮಳೆ ಬಿದ್ದರೆ, ಎಂಟು-ಹತ್ತು ದಿನಗಳಲ್ಲಿ ತೋಟವೆಲ್ಲ ಬೆಳ್ಳಗೆ ಹೂತು ನಿಲ್ಲುತ್ತದೆ. ಇದೇ ಹೂಮಳೆ. ಅನಂತರ ಎರಡು-ಮೂರು ವಾರಗಳೊಳಗೆ, ಬೆಳೆಗಾರರು ಬ್ಯಾಕಿಂಗ್ ಎಂದು ಕರೆಯುವ ಎರಡನೆಯ ಮಳೆ ಬರಬೇಕು. ಇಲ್ಲವಾದರೆ ಕಾಯಿ ಕಟ್ಟುವುದು ಕುಂಠಿತವಾಗುತ್ತದೆ. ಹೂಮಳೆಯು ಅರೆಬರೆಯಾಗಿ ಬಿದ್ದರೆ ಮೊಗ್ಗುಗಳು ಅರಳದೆ ಕೆಡುತ್ತವೆ. ಜೂನ್‌ನಿಂದ ಮುಂಗಾರು ಬೇಕು, ಆದರೆ ಅದು ಎಡೆಬಿಡದೆ ಸುರಿಯಬಾರದು. ನವೆಂಬರಿನಿಂದ ಕೊಯ್ಲು ಆರಂಭವಾಗುವುದರಿಂದ ಆಗ ಬಿಸಿಲು ಬೇಕು, ಏಕೆಂದರೆ ಹಣ್ಣು ಒಣಗುವುದು ಕಣದಲ್ಲಿ. ರೇವತಿ, ಅಶ್ವಿನಿ, ಭರಣಿ ಎಂದು ಮಳೆಗಳಿಗೆ ನಕ್ಷತ್ರಗಳ ಹೆಸರಿಟ್ಟು ಎಣಿಸುತ್ತಿದ್ದ ಮಲೆನಾಡಿನ ಕೃಷಿಕರಿಗೆ ಈ ಕ್ರಮ ಅಪರಿಚಿತವಾಗಿರಲಿಲ್ಲ. ಹೀಗೆ ಒಂದು ದೊಡ್ಡ ರಫ್ತು ಉದ್ಯಮವೇ ಕೆಲವು ದಿನಗಳ ಮಳೆಯ ಮೇಲೆ ನಿಂತಿದೆ ಎಂಬುದು ಮುಂದಿನ ಚರ್ಚೆಗೆ ಆಧಾರವಾದ ಸಂಗತಿ.

ಕಾಂಡಕೊರಕ ಕಲಿಸಿದ ಪಾಠ

ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಅವರು ಅರೇಬಿಯಾದಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಪ್ರಸಿದ್ಧ ಐತಿಹ್ಯ. ಆ ಬಳಿಕ ದೀರ್ಘಕಾಲ ಕಾಫಿ ಮರಗಳ ನೆರಳಿನಲ್ಲಿ ಬೆಳೆಯುವ ಸಣ್ಣ ಬೆಳೆಯಾಗಿಯೇ ಇತ್ತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಐರೋಪ್ಯ ಬಂಡವಾಳ ಪ್ರವೇಶಿಸಿದಾಗ ಚಿತ್ರ ಬದಲಾಯಿತು. ಕೊಡಗಿನಲ್ಲಿ ಫೌಲರ್ ಎಂಬಾತನು 1854ರಲ್ಲಿ ಮಡಿಕೇರಿಯ ಬಳಿ ಮೊದಲ ಐರೋಪ್ಯ ತೋಟವನ್ನು ತೆರೆದನು. ಸಿಂಹಳದ ಮಾದರಿಯನ್ನು ಅನುಸರಿಸಿದ ಅನೇಕ ತೋಟಗಾರರು ಕಾಡನ್ನು ಪೂರ್ತಿಯಾಗಿ ಕಡಿದು, ಸುಟ್ಟು, ಬಯಲಿನಲ್ಲಿ ಕಾಫಿ ನೆಟ್ಟರು. ಕಾಡಿನ ಮಣ್ಣಿನ ಸಾರದಿಂದ ಮೊದಲ ಕೆಲವು ವರ್ಷ ಫಸಲು ಚೆನ್ನಾಗಿ ಬಂದಿತು.

1860ರ ದಶಕದಲ್ಲಿ ಮಳೆ ಕಡಿಮೆಯಾದ ವರ್ಷಗಳು ಬಂದಾಗ ಬಿಳಿ ಕಾಂಡಕೊರಕದ ಹಾವಳಿಯು ಕೊಡಗು ಮತ್ತು ಮೈಸೂರಿನ ತೋಟಗಳನ್ನು ಹಾಳುಗೆಡವಿತು. ಈ ದುಂಬಿಯು ಬಿಸಿಲು ಬೀಳುವ ಕಾಂಡದ ತೊಗಟೆಯ ಬಿರುಕುಗಳಲ್ಲಿ ಮೊಟ್ಟೆಯಿಡುತ್ತದೆ. ಅದರ ಹುಳು ಕಾಂಡದೊಳಗೆ ಸುರಂಗ ಕೊರೆದು ಗಿಡವನ್ನು ಕೊಲ್ಲುತ್ತದೆ. ಇದರ ವಿಚಾರಣೆಗೆ ನಿಯುಕ್ತನಾದ ಮದರಾಸಿನ ವೈದ್ಯಾಧಿಕಾರಿ ಜಾರ್ಜ್ ಬಿಡಿಯ ವರದಿಯು 1869ರಲ್ಲಿ ಪ್ರಕಟವಾಯಿತು. ದೀರ್ಘ ಒಣಹವೆಯ ಜೊತೆಗೆ ನೆರಳಿನ ನಾಶವನ್ನೂ ಆತನು ಹಾವಳಿಯ ಕಾರಣಗಳಲ್ಲಿ ಎಣಿಸಿದನು. ಅದೇ ವರ್ಷ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯ ಪತ್ರಿಕೆಯಲ್ಲಿ, ಕೊಡಗಿನ ಅರಣ್ಯನಾಶದ ಪರಿಣಾಮಗಳನ್ನು ಕುರಿತು ಆತನು ಪ್ರತ್ಯೇಕ ಲೇಖನವನ್ನೇ ಬರೆದನು. ತೋಟಗಾರಿಕೆಯ ಬಂಡವಾಳವು ತನ್ನ ಸ್ಥಳೀಯ ಹವೆಯನ್ನು ತಾನೇ ಕೆಡಿಸಿಕೊಳ್ಳಬಲ್ಲದು ಎಂಬ ಅರಿವು ನಮ್ಮ ನೆಲದಲ್ಲಿ ಇಷ್ಟು ಹಿಂದೆಯೇ ದಾಖಲಾಗಿತ್ತೆಂಬುದು ಗಮನಾರ್ಹ.

ಈ ಪೆಟ್ಟಿನಿಂದ ತೋಟಗಾರರು ನೆರಳಿಗೆ ಮರಳಿದರು. ಮಂಜರಾಬಾದ್ ಸೀಮೆಯ ತೋಟಗಾರ ರಾಬರ್ಟ್ ಎಲಿಯಟ್ ತನ್ನ 1894ರ ಗ್ರಂಥದಲ್ಲಿ, ಮೈಸೂರಿನ ಕಾಫಿಗೆ ನೆರಳು ಅನಿವಾರ್ಯವೆಂಬುದನ್ನು ವಿಸ್ತಾರವಾಗಿ ಪ್ರತಿಪಾದಿಸಿದನು. ಕೆಳಗೆ ಹಾಲುವಾಣ, ಮೇಲೆ ಅತ್ತಿ, ಬಸರಿ, ಹಲಸು, ನಂದಿ ಮೊದಲಾದ ಕಾಡುಮರಗಳು ಎಂಬ ಎರಡು ಅಂತಸ್ತಿನ ನೆರಳಿನ ವ್ಯವಸ್ಥೆಯು ಕರ್ನಾಟಕದ ಕಾಫಿಯ ಗುರುತಾಯಿತು. ಇದು ಸ್ಥಳೀಯ ಬೆಳೆಗಾರರು ಹಿಂದಿನಿಂದ ಅನುಸರಿಸುತ್ತಿದ್ದ ಕ್ರಮದ ಪುನರ್‌ಸ್ವೀಕಾರವೇ ಆಗಿತ್ತು.

ರೋಗಗಳು ಮತ್ತು ತಳಿಗಳ ಹುಡುಕಾಟ

ಎರಡನೆಯ ಪೆಟ್ಟು ತೇವದಿಂದ ಬಂದಿತು. 1869ರಲ್ಲಿ ಸಿಂಹಳದಲ್ಲಿ ಕಾಣಿಸಿಕೊಂಡ ಎಲೆತುಕ್ಕು ರೋಗವು ಬಲುಬೇಗ ದಕ್ಷಿಣ ಭಾರತಕ್ಕೂ ಹರಡಿತು. ಸಿಂಹಳದ ಕಾಫಿ ಉದ್ಯಮವು ಎರಡು ದಶಕಗಳೊಳಗೆ ಕುಸಿದು, ಅಲ್ಲಿನ ತೋಟಗಾರರು ಚಹಾಕ್ಕೆ ಹೊರಳಿದರು. ಕೊಡಗು ಮತ್ತು ಮೈಸೂರಿನ ಕಾಫಿ ಉಳಿಯಿತು. ಇಲ್ಲಿನ ದೀರ್ಘ ಬೇಸಗೆಯು ರೋಗದ ವೇಗಕ್ಕೆ ವರ್ಷಕ್ಕೊಮ್ಮೆ ತಡೆಯೊಡ್ಡುತ್ತಿದ್ದುದು ಅದಕ್ಕೆ ಒಂದು ಕಾರಣ. ಬೆಳೆಗಾರರು ತಳಿಗಳನ್ನು ಬದಲಿಸುತ್ತ ಹೋದದ್ದು ಮತ್ತೊಂದು. ಚಿಕ್ ಎಂದು ಹೆಸರಾದ ಹಳೆಯ ಚಿಕ್ಕಮಗಳೂರು ತಳಿಯ ಸ್ಥಾನಕ್ಕೆ ಕೂರ್ಗ್ ತಳಿ ಬಂದಿತು. ಮೈಸೂರಿನ ತೋಟಗಾರ ಕೆಂಟ್ 1911ರ ಸುಮಾರಿಗೆ ಆಯ್ದ ತಳಿಯು ಅದರ ಸ್ಥಾನವನ್ನು ಪಡೆಯಿತು.

ಮುಂಗಾರು ಎಡೆಬಿಡದೆ ಸುರಿದಾಗ ಮಂಜು ಕವಿದ ತೋಟಗಳಲ್ಲಿ ಎಲೆ, ಕಾಯಿಗಳು ಕಪ್ಪಾಗಿ ಕೊಳೆಯುವ ರೋಗಕ್ಕೂ ಈ ಚರಿತ್ರೆಯಲ್ಲಿ ಸ್ಥಾನವಿದೆ. ಮೈಸೂರು ಸೀಮೆಯ ಬೆಳೆಗಾರರು ಇದನ್ನು ಕೊಳೆರೋಗವೆಂದೇ ಕರೆಯುತ್ತಿದ್ದರು. 1876ರಲ್ಲಿ ಇಂಗ್ಲೆಂಡಿನ ಶಿಲೀಂಧ್ರತಜ್ಞ ಎಂ. ಸಿ. ಕುಕ್ ಇದಕ್ಕೆ ಪೆಲಿಕ್ಯುಲೇರಿಯ ಕೊಳೆರೋಗ ಎಂದು ಹೆಸರಿಟ್ಟಾಗ, ಕನ್ನಡ ಕೃಷಿಕರ ಮಾತೊಂದು ವಿಜ್ಞಾನದ ನಾಮಾವಳಿಯನ್ನು ಸೇರಿತು.

1925ರಲ್ಲಿ ಮೈಸೂರು ಸಂಸ್ಥಾನವು ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರವನ್ನು ಸ್ಥಾಪಿಸಿತು. ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ದೂರದೃಷ್ಟಿ ಇದರ ಹಿಂದಿತ್ತು. ಇಲ್ಲಿ ಡಬ್ಲ್ಯು. ಡಬ್ಲ್ಯು. ಮೇನ್ ಅವರು 1930ರ ದಶಕದಲ್ಲಿ, ತುಕ್ಕುರೋಗದ ಶಿಲೀಂಧ್ರದಲ್ಲಿಯೇ ಬೇರೆಬೇರೆ ಪ್ರಭೇದಗಳಿವೆಯೆಂದು ತೋರಿಸಿದರು. ಕೆಂಟ್ ತಳಿ ಕೆಲವೇ ವರ್ಷಗಳಲ್ಲಿ ರೋಗಕ್ಕೆ ತುತ್ತಾದುದರ ಒಗಟು ಇದರಿಂದ ಬಿಡಿಸಿತು. 1940ರ ದಶಕದಲ್ಲಿ ಹೊರಬಂದ ಎಸ್. 795 ತಳಿಯು ಇಂದಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ವ್ಯಾಪಕವಾಗಿದೆ. ಯಾವ ತಳಿಯೂ ಶಾಶ್ವತ ರಕ್ಷಣೆಯಲ್ಲ, ಸಂಶೋಧನೆ ನಿರಂತರವಾಗಿ ನಡೆಯಬೇಕು ಎಂಬುದು ಈ ಘಟ್ಟದ ಪಾಠ.

ರೊಬಸ್ಟಾದ ಏಳಿಗೆ ಮತ್ತು ನೀರಿನ ಪ್ರಶ್ನೆ

ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಬಂದ ರೊಬಸ್ಟಾವು ಕಾಂಡಕೊರಕಕ್ಕೂ ತುಕ್ಕಿಗೂ ಸುಲಭವಾಗಿ ಬಗ್ಗದ ಬೆಳೆ. ಅರೇಬಿಕಾಕ್ಕೆ 15ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತಕರವಾದರೆ, ರೊಬಸ್ಟಾ 20ರಿಂದ 30 ಡಿಗ್ರಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಆದ್ದರಿಂದ ಕೆಳಗಿನ ಎತ್ತರದ ಬೆಚ್ಚನೆಯ ತೋಟಗಳಿಗೆ ಅದು ಒಗ್ಗಿತು. 1950ರ ಸುಮಾರಿಗೆ ಭಾರತದ ಕಾಫಿಯಲ್ಲಿ ಐದರಲ್ಲಿ ನಾಲ್ಕು ಪಾಲು ಅರೇಬಿಕಾ ಆಗಿತ್ತು. ಇಂದು ಹತ್ತರಲ್ಲಿ ಸುಮಾರು ಏಳು ಪಾಲು ರೊಬಸ್ಟಾ. ಹೆಚ್ಚಿನ ಇಳುವರಿ, ಕಡಿಮೆ ಆರೈಕೆ, ಕೂಲಿಯ ಅಭಾವ ಇವೂ ಈ ಪಲ್ಲಟಕ್ಕೆ ಕಾರಣಗಳೇ. ಆದರೂ ಬಿಸಿಲಿಗೆ ಮತ್ತು ಕೀಟಕ್ಕೆ ಬೆಳೆಗಾರರು ಕಂಡುಕೊಂಡ ಉತ್ತರವಾಗಿಯೂ ಇದನ್ನು ಓದಬೇಕು.

ಈ ಉತ್ತರ ಹೊಸ ಪ್ರಶ್ನೆಯೊಂದನ್ನು ಹುಟ್ಟುಹಾಕಿತು. ರೊಬಸ್ಟಾದ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟದು. ಗಾಳಿ ಮತ್ತು ಜೇನಿನ ನೆರವು ಬೇಕು, ಸಕಾಲಕ್ಕೆ ಹೂಮಳೆ ಬೇಕು. ಮಳೆ ಕೈಕೊಟ್ಟ ವರ್ಷ ನಷ್ಟ ಅಪಾರ. ಹೀಗಾಗಿ ಅನುಕೂಲವುಳ್ಳ ತೋಟಗಳಲ್ಲಿ ಕೆರೆ ತೋಡಿ, ಪಂಪು ಮತ್ತು ಸ್ಪ್ರಿಂಕ್ಲರ್‌ಗಳ ಮೂಲಕ ಕೃತಕ ಹೂಮಳೆ ಸುರಿಸುವುದು ರೂಢಿಗೆ ಬಂದಿತು. ಹೊಳೆ, ತೊರೆಗಳು ಬತ್ತತೊಡಗುವ ಫೆಬ್ರುವರಿ-ಮಾರ್ಚ್ ತಿಂಗಳಲ್ಲಿಯೇ ಈ ನೀರು ಬೇಕಾಗುತ್ತದೆ. ಕಾವೇರಿಯ ಉಗಮಸೀಮೆಯಲ್ಲಿ ಎತ್ತುವ ಈ ನೀರಿನ ಹಕ್ಕು ಯಾರದು ಎಂಬ ಪ್ರಶ್ನೆ ಇದರೊಂದಿಗೆ ಹೆಣೆದುಕೊಂಡಿದೆ. ಕೆರೆಯುಳ್ಳವನಿಗೆ ಮಳೆ ತಡವಾದರೂ ಫಸಲುಂಟು. ನಾಲ್ಕೆಕರೆಯ ಬೆಳೆಗಾರ ಆಕಾಶವನ್ನೇ ನೋಡಬೇಕು. ಭಾರತದ ಕಾಫಿ ಹಿಡುವಳಿಗಳಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಹತ್ತು ಹೆಕ್ಟೇರಿಗಿಂತ ಚಿಕ್ಕವು ಎಂಬುದನ್ನು ನೆನೆದರೆ ಈ ವ್ಯತ್ಯಾಸದ ಗಾತ್ರ ತಿಳಿಯುತ್ತದೆ.

ಇದೇ ಅವಧಿಯಲ್ಲಿ ನೆರಳಿನ ಸ್ವರೂಪವೂ ಬದಲಾಯಿತು. ಬೇಗ ಬೆಳೆಯುವ, ಮೆಣಸಿನ ಬಳ್ಳಿಗೆ ಆಸರೆಯಾಗುವ, ಕಡಿದು ಮಾರಲು ತೊಡಕಿಲ್ಲದ ಆಸ್ಟ್ರೇಲಿಯ ಮೂಲದ ಸಿಲ್ವರ್ ಓಕ್ ಅನೇಕ ಕಡೆ ಕಾಡುಮರಗಳ ಸ್ಥಾನವನ್ನು ಆಕ್ರಮಿಸಿತು. ಕಾಫಿಯ ಬೆಲೆ ಬಿದ್ದ ವರ್ಷ ಮೆಣಸು, ಮರಗಳೇ ಸಂಸಾರವನ್ನು ಹಿಡಿದು ನಿಲ್ಲಿಸಿದವೆಂಬುದು ನಿಜ. ಆದರೆ ಬಗೆಬಗೆಯ ಮರಗಳ ದಟ್ಟ ಮೇಲ್ಛಾವಣಿ ಕೊಡುತ್ತಿದ್ದ ತಂಪು ಮತ್ತು ತರಗು ಅದರಿಂದ ಅಷ್ಟಾಗಿ ದೊರೆಯವು.

ಹೊರೆಯ ಹಂಚಿಕೆ

ಹವಾಮಾನದ ನಷ್ಟವನ್ನು ಯಾರು ಹೊರಬೇಕೆಂಬುದನ್ನು ಸಂಸ್ಥೆಗಳು ನಿರ್ಧರಿಸುತ್ತವೆ. 1942ರ ಕಾಫಿ ಕಾಯಿದೆಯ ಅನ್ವಯ ಬೆಳೆಗಾರರು ತಮ್ಮ ಫಸಲನ್ನು ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಾಗಿತ್ತು; ಹಣವು ಅಂಕಗಳ ಆಧಾರದ ಮೇಲೆ ಕಂತುಗಳಲ್ಲಿ ಬರುತ್ತಿತ್ತು. ವಿಳಂಬದ ಬಗ್ಗೆ ಬೆಳೆಗಾರರ ದೂರು ಸಕಾರಣವಾಗಿಯೇ ಇತ್ತು. ಆದರೂ ಬೆಲೆಯ ಏರಿಳಿತವು ಎಲ್ಲರ ನಡುವೆ ಹಂಚಿಹೋಗುತ್ತಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಈ ವ್ಯವಸ್ಥೆ ಸಡಿಲಗೊಂಡು 1996ರಲ್ಲಿ ಮಾರಾಟ ಪೂರ್ಣ ಮುಕ್ತವಾಯಿತು. ಅಂದಿನಿಂದ ಪರದೇಶದ ಹವಾಮಾನವೂ ನೇರವಾಗಿ ನಮ್ಮ ಬೆಳೆಗಾರನ ಅಂಗಳಕ್ಕೆ ಬಂದಿದೆ. 1975ರ ಜುಲೈಯಲ್ಲಿ ಬ್ರೆಜಿಲ್‌ನ ಪರಾನಾ ಪ್ರಾಂತದಲ್ಲಿ ಬಿದ್ದ ಹಿಮವು ಜಗತ್ತಿನ ಬೆಲೆಯನ್ನು ಮೇಲೇರಿಸಿದಾಗ ಇಲ್ಲಿನ ಬೆಳೆಗಾರನಿಗೂ ಮಾರುಕಟ್ಟೆಗೂ ನಡುವೆ ಪೂಲ್ ನಿಂತಿತ್ತು. ವಿಯೆಟ್ನಾಂ, ಬ್ರೆಜಿಲ್‌ಗಳ ಬರದ ಹಿನ್ನೆಲೆಯಲ್ಲಿ 2024ರಲ್ಲಿ ರೊಬಸ್ಟಾದ ಬೆಲೆ ದಶಕಗಳಲ್ಲಿ ಕಾಣದ ಎತ್ತರಕ್ಕೆ ಹೋದಾಗ ಅಂಥ ಅಡ್ಡಗೋಡೆ ಯಾವುದೂ ಇರಲಿಲ್ಲ. ಒಬ್ಬರ ಬರ ಇನ್ನೊಬ್ಬರ ಲಾಭವಾಗುವ ಈ ಏರ್ಪಾಡಿನಲ್ಲಿ ಸರದಿ ಯಾವಾಗ ತಿರುಗುವುದೆಂದು ಹೇಳಬರುವುದಿಲ್ಲ.

ಸರದಿ ನಮ್ಮ ಕಡೆಗೂ ತಿರುಗಿದೆ. 2018ರ ಆಗಸ್ಟ್‌ನ ಅತಿವೃಷ್ಟಿಯಲ್ಲಿ ಮಕ್ಕಂದೂರು, ಮಾದಾಪುರ, ಜೋಡುಪಾಲಗಳ ಸುತ್ತಮುತ್ತ ಗುಡ್ಡ ಕುಸಿದು, ತೋಟಗಳು ಮಣ್ಣುಸಹಿತ ಜಾರಿಹೋದವು. 2019ರಲ್ಲಿ ಕೊಡಗಿನ ತೋರ, ಮೂಡಿಗೆರೆ ತಾಲೂಕಿನ ಮಲೆಮನೆ ಮುಂತಾದೆಡೆ ಅದೇ ಮರುಕಳಿಸಿತು. 2021ರ ನವೆಂಬರಿನ ಮಳೆಯಲ್ಲಿ ಹಣ್ಣಾದ ಅರೇಬಿಕಾ ಒಡೆದು ನೆಲಕ್ಕುದುರಿತು. ಕೊಯ್ದದ್ದು ಕಣದಲ್ಲಿ ಒಣಗಲಿಲ್ಲ. ಬೆಳೆ ಹೋದರೆ ಮುಂದಿನ ವರ್ಷ ಬಂದೀತು, ಮಣ್ಣೇ ಹೋದರೆ ತೋಟವೇ ಇಲ್ಲ. ಲೈನ್‌ಮನೆಗಳ ಕಾರ್ಮಿಕರಿಗಂತೂ ಮಳೆಯ ದಿನವೆಂದರೆ ಕೂಲಿ ತಪ್ಪಿದ ದಿನ. ಅವರ ನಷ್ಟ ಯಾವ ಪುಸ್ತಕದಲ್ಲಿಯೂ ಏರುವುದಿಲ್ಲ. 2000ದ ದಶಕದ ಉತ್ತರಾರ್ಧದಲ್ಲಿ ಆರಂಭವಾದ ಕಾಫಿ ಮಳೆ ವಿಮಾ ಯೋಜನೆಯು ಹೂಮಳೆ ಮತ್ತು ಬ್ಯಾಕಿಂಗ್ ಮಳೆಗಳ ಕೊರತೆಯನ್ನೂ ಮುಂಗಾರಿನ ಅತಿಯನ್ನೂ ಗಣನೆಗೆ ತಂದುಕೊಂಡಿತು. ಆದರೆ ಒಂದೇ ಊರಿನ ಎರಡು ಗುಡ್ಡಗಳಲ್ಲಿ ಬೇರೆಬೇರೆ ಮಳೆ ಬೀಳುವ ಮಲೆನಾಡಿನಲ್ಲಿ, ದೂರದ ಮಾಪಕದ ಅಳತೆಯಿಂದ ಪ್ರತಿ ತೋಟದ ನಷ್ಟವನ್ನು ನಿರ್ಧರಿಸುವುದು ಕಷ್ಟವೇ ಸರಿ.

ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಹೊರಡುವ ನಿಲುವು ಇದು. ಕರ್ನಾಟಕದ ಕಾಫಿ ಉದ್ಯಮವು ಮೂರು ಬಗೆಯಲ್ಲಿ ಹವಾಮಾನಕ್ಕೆ ಹೊಂದಿಕೊಂಡಿತು: ನೆರಳನ್ನು ಮರಳಿ ತಂದಿತು, ತಳಿಯನ್ನು ಬದಲಿಸಿತು, ನೀರನ್ನು ಹಾಯಿಸಿತು. ಇವುಗಳಲ್ಲಿ ಮೊದಲನೆಯದು ದೊಡ್ಡವರಿಗೂ ಸಣ್ಣವರಿಗೂ ಸಮಾನವಾಗಿ ಎಟಕುವಂಥದು, ಹೊಳೆಗೂ ಮಣ್ಣಿಗೂ ಹಿತವಾದದ್ದು. ಎರಡನೆಯದಕ್ಕೆ ಸಾರ್ವಜನಿಕ ಸಂಶೋಧನೆಯ ಬೆಂಬಲ ಬೇಕು. ಮೂರನೆಯದು ಬಂಡವಾಳವುಳ್ಳವರಿಗೆ ಮಾತ್ರ ಸುಲಭ, ಅದೂ ಎಲ್ಲರಿಗೂ ಸೇರಿದ ನೀರಿನಿಂದ. ಇತ್ತೀಚಿನ ದಶಕಗಳಲ್ಲಿ ಉದ್ಯಮವು ಮೊದಲನೆಯದನ್ನು ಕರಗಿಸಿ ಮೂರನೆಯದರತ್ತ ವಾಲುತ್ತಿರುವುದು ಕಳವಳದ ವಿಷಯ. 1860ರ ದಶಕದ ಅನುಭವವನ್ನು ಬಲ್ಲವರು ಇದನ್ನು ಹಗುರವಾಗಿ ಕಾಣಲಾರರು.

ಕೊನೆಯದಾಗಿ, ಸಂಶೋಧಕರ ಕರ್ತವ್ಯವೊಂದನ್ನು ಇಲ್ಲಿ ಸೂಚಿಸುವುದು ಉಚಿತ. ತೋಟಗಳು ಪಾಲಾಗಿ, ಕೈಬದಲಾಗಿ, ಹಳೆಯ ಬಂಗಲೆಗಳು ಅತಿಥಿಗೃಹಗಳಾಗಿ ಮಾರ್ಪಡುತ್ತಿರುವ ಈ ಕಾಲದಲ್ಲಿ ತಲೆಮಾರುಗಳ ಮಳೆಯ ಪುಸ್ತಕಗಳು ರದ್ದಿಗೆ ಹೋಗುವ ಸಂಭವವಿದೆ. ಅವುಗಳನ್ನು ಸಂಗ್ರಹಿಸಿ, ಇಂಚು-ಸೆಂಟುಗಳನ್ನು ಇಂದಿನ ಮಾನಕ್ಕೆ ಪರಿವರ್ತಿಸಿ, ಜಿಲ್ಲಾ ಪತ್ರಾಗಾರಗಳಲ್ಲಿಯೂ ವಿಶ್ವವಿದ್ಯಾಲಯಗಳಲ್ಲಿಯೂ ಅಧ್ಯಯನಕ್ಕೆ ಒದಗಿಸಿದರೆ, ಮಲೆನಾಡಿನ ಮಳೆ ಯಾವಾಗ, ಎಷ್ಟು, ಎಲ್ಲಿ ಬದಲಾಯಿತೆಂಬುದನ್ನು ತೋಟದ ಮಟ್ಟದಲ್ಲಿಯೇ ತಿಳಿಯಬಹುದು. ವಿಮೆಯ ಅಳತೆ, ತಳಿಯ ಆಯ್ಕೆ, ನೀರಿನ ಹಂಚಿಕೆ ಮೂರಕ್ಕೂ ಆ ತಿಳಿವಳಿಕೆಯೇ ತಳಹದಿಯಾಗಬೇಕಾಗಿದೆ.